ಮೊಮ್ಮಗಳಿಗೆ ಇಂಗ್ಲಿಷ್ ಪತ್ರ: ಕೂಡಿಸಿ ಬರೆಯಲೋ, ಬಿಡಿಸಿ ಬರೆಯಲೋ?

ತೋಟದಮನೆ (ಶಿರಸಿ)

ಎಲ್ಲರಿಗೂ ನಮಸ್ಕಾರ. ಕೇಳುವುದು ಸಣ್ಣ ವಿಷಯ. ಆದರೆ ಮನೆಯಲ್ಲಿ ಎರಡು ಪಕ್ಷ ಆಗಿಬಿಟ್ಟಿದೆ, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಮೊಮ್ಮಗಳಿಗೆ ಒಂಬತ್ತು ವರ್ಷ. ಮನೆಮಾತು ಅವಳಿಗೆ ಚೆನ್ನಾಗಿ ತಿಳಿಯುತ್ತದೆ. ಫೋನ್ ಹಿಡಿದ ಕೂಡಲೇ ‘ಅಜ್ಜಾ, ಊಟ ಆತಾ?’ ಅಂತ ಶುರು ಮಾಡುತ್ತಾಳೆ. ಕನ್ನಡ ಓದಲು ಮಾತ್ರ ಬರುವುದಿಲ್ಲ. ಮೊನ್ನೆ ಅವಳೇ ಹೇಳಿದಳು, ನನ್ನ ಹೆಸರಿಗೆ ಒಂದು ಪತ್ರ ಹಾಕು, ಪೋಸ್ಟಿನಲ್ಲೇ ಬರಬೇಕು ಅಂತ. ಅವಳ ಗೆಳತಿಗೆ ಯಾರೋ ಹಾಗೆ ಹಾಕಿದ್ದರಂತೆ. ಇನ್ನು ಬಿಡುತ್ತಾಳಾ!

ನಾನು ಸೊಸೈಟಿಯೊಂದರಲ್ಲಿ ಕಿರ್ದಿ, ಖಾತೆ ಬರೆದುಕೊಂಡಿದ್ದವನು. ಕಂಪ್ಯೂಟರ್ ಬರುವವರೆಗೂ ಎಲ್ಲ ಕೈಯಲ್ಲೇ. ಇಂಗ್ಲಿಷ್ ಅಂದರೆ ನನಗೆ ಕೂಡಿಸಿ ಬರೆಯುವ ಅಕ್ಷರವೇ. ಹೈಸ್ಕೂಲಿನಲ್ಲಿ ಮಾಸ್ತರು ನಾಲ್ಕು ಗೆರೆಯ ಕಾಪಿಯಲ್ಲಿ ತಿದ್ದಿಸಿ ತಿದ್ದಿಸಿ ಕೈಗೆ ಹತ್ತಿಸಿದ್ದು. ಬಲಕ್ಕೆ ಚೂರು ವಾಲಿಸಿ, ಏರುವಾಗ ಸಪೂರ, ಇಳಿಯುವಾಗ ದಪ್ಪ. ಆಡಿಟ್‌ಗೆ ಬಂದವರು ಲೆಕ್ಕ ನೋಡುವ ಮೊದಲು ಅಕ್ಷರ ನೋಡಿ ಹೊಗಳುತ್ತಿದ್ದರು. (ಸ್ವಲ್ಪ ಜಂಬ ಇದೆ, ಇಲ್ಲ ಅನ್ನುವುದಿಲ್ಲ.)

ಅದೇ ಕೈಯಲ್ಲಿ ಒಂದು ಪುಟ ಬರೆದೆ. ಮಳೆ, ಹೊಸ ಕರು, ತೋಟಕ್ಕೆ ಬಂದ ಮಂಗಗಳ ಗಲಾಟೆ, ಇಷ್ಟೇ. ಫೋಟೋ ತೆಗೆದು ಮಗನಿಗೆ ಕಳಿಸಿದರೆ ಅವನು ಹೇಳುತ್ತಾನೆ, ‘ಅಪ್ಪಾ, ಚೆಂದ ಇದೆ. ಆದರೆ ಅವಳಿಗೆ ಇದನ್ನು ಓದಲು ಬರುವುದಿಲ್ಲ. ಪುಸ್ತಕದಲ್ಲಿ ಇರುವ ಹಾಗೆ ಬಿಡಿಸಿ ಬರಿ.’

ಬಿಡಿಸಿಯೂ ಬರೆದು ನೋಡಿದೆ. ಬ್ಯಾಂಕಿನ ಚಲನ್ ತುಂಬಿದ ಹಾಗೆ ಕಾಣುತ್ತದೆ. ಇದು ನಾನು ಬರೆದದ್ದು ಅನಿಸುವುದೇ ಇಲ್ಲ. ಕೈ ಪ್ರತಿ ಅಕ್ಷರಕ್ಕೂ ಎದ್ದು ಕೂತು ಎದ್ದು ಕೂತು, ಅರ್ಧ ಪುಟಕ್ಕೇ ಬೆರಳು ನೋವು. ಕನ್ನಡದಲ್ಲಾದರೆ ಈ ತಲೆಬಿಸಿ ಇಲ್ಲ. ಪ್ರತಿ ಅಕ್ಷರ ಮೊದಲಿನಿಂದಲೂ ತನ್ನಷ್ಟಕ್ಕೆ ನಿಂತದ್ದೇ, ಒತ್ತು ಕೆಳಗೆ, ಅಷ್ಟೇ. ಇಂಗ್ಲಿಷಿನಲ್ಲಿ ಮಾತ್ರ ಎರಡು ಅವತಾರ.

ಮನೆಯವಳದ್ದು ಒಂದೇ ಮಾತು: ‘ಪತ್ರ ಯಾರಿಗೆ? ಕೂಸಿಗೋ, ಆಡಿಟರಿಗೋ?’ ತಮ್ಮನ ವಾದ ಬೇರೆ. ಅಜ್ಜನ ಅಕ್ಷರ ಅಂತ ಮುಂದೆ ತೆಗೆದಿಟ್ಟುಕೊಳ್ಳಬೇಕಾದರೆ ಅದು ಅಜ್ಜನ ನಿಜವಾದ ಅಕ್ಷರವೇ ಆಗಿರಬೇಕು ಅಂತಾನೆ.

ತಿಳಿದವರು ಹೇಳಿ. ಅಮೆರಿಕದ ಶಾಲೆಗಳಲ್ಲಿ ಕರ್ಸಿವ್ (ಈ ಕೂಡಿಸಿ ಬರೆಯುವ ಅಕ್ಷರ) ಕಲಿಸುವುದೇ ಇಲ್ಲ ಅನ್ನುತ್ತಾರಲ್ಲ, ಅದು ಹೌದಾ?

---

ಬೇಲೇಕೇರಿಯವಳು (ಊರು ಅಂಕೋಲಾ, ಸದ್ಯ ಕ್ಯಾಲಿಫೋರ್ನಿಯಾ)

ಕೊನೆಯ ಪ್ರಶ್ನೆಗೆ ಮೊದಲು ಉತ್ತರ, ಯಾಕೆಂದರೆ ನನ್ನ ಮಗಳೂ ಇಲ್ಲೇ ಓದುತ್ತಾಳೆ. ಅರ್ಧ ಹೌದು, ಅರ್ಧ ಅಲ್ಲ.

ಇಲ್ಲಿ 2010ರಲ್ಲಿ ಕಾಮನ್ ಕೋರ್ ಅಂತ ಒಂದು ಕಲಿಕಾ ಮಟ್ಟದ ಪಟ್ಟಿ ಬಂತು. ಬಹಳಷ್ಟು ರಾಜ್ಯಗಳು ಒಪ್ಪಿಕೊಂಡವು. ಅದರಲ್ಲಿ ಕೀಬೋರ್ಡ್ ಇತ್ತು, ಕರ್ಸಿವ್ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಸಮಯ ಎಲ್ಲಿಂದ ಕೊಡುತ್ತಾರೆ? ಎಷ್ಟೋ ಶಾಲೆಗಳು ಮೆಲ್ಲಗೆ ಕೈಬಿಟ್ಟವು. ಆಮೇಲೆ ಒಂದೊಂದೇ ರಾಜ್ಯ ಮತ್ತೆ ತರತೊಡಗಿತು. ಕ್ಯಾಲಿಫೋರ್ನಿಯಾ 2023ರ ಅಕ್ಟೋಬರ್‌ನಲ್ಲಿ ಕಾನೂನನ್ನೇ ಮಾಡಿತು. 2024ರ ಜನವರಿಯಿಂದ ಒಂದರಿಂದ ಆರನೇ ಕ್ಲಾಸಿನ ಒಳಗೆ ಕರ್ಸಿವ್ ಕಲಿಸಲೇಬೇಕು. ಆ ಮಸೂದೆ ತಂದ ಶಾಸಕಿ ಶರೋನ್ ಕ್ವಿರ್ಕ್-ಸಿಲ್ವಾ ಮೊದಲು ಪ್ರಾಥಮಿಕ ಶಾಲೆಯ ಟೀಚರ್ ಆಗಿದ್ದವರು.

ಹಾಗಾಗಿ ನಿಮ್ಮ ಮೊಮ್ಮಗಳಿಗೆ ಒಂದಷ್ಟು ಶುರುವಾಗಿರಬಹುದು. ಆದರೆ ಬರೆಯುವುದು ಬೇರೆ, ಬೇರೆಯವರ ಕೈಬರಹ ಓದುವುದು ಬೇರೆ. ಹಾಳೆಯಲ್ಲಿ ಕಲಿಸುವುದು ಒಂದೇ ನಮೂನೆಯ ಅಕ್ಷರ. ನನ್ನ ಮಗಳು ತನ್ನ ಹೆಸರನ್ನು ಕರ್ಸಿವ್‌ನಲ್ಲಿ ಸೊಗಸಾಗಿ ಬರೆಯುತ್ತಾಳೆ. ಹುಟ್ಟುಹಬ್ಬಕ್ಕೆ ನನ್ನ ಅಪ್ಪ ಊರಿನಿಂದ ಕರ್ಸಿವ್‌ನಲ್ಲಿ ಕಾರ್ಡ್ ಬರೆದು ಕಳಿಸಿದಾಗ ತಿರುಗಿಸಿ ಮುರುಗಿಸಿ ನೋಡಿದಳು, ಮತ್ತೆ ‘ಅಮ್ಮಾ, ನೀನೇ ಓದು’ ಅಂತ ನನ್ನ ಕೈಗೆ ಕೊಟ್ಟಳು. ಎರಡು ಸಾಲು ಕೇಳಿದಳು, ಆಡಲು ಹೋದಳು. ಕಾರ್ಡು ನನಗೆ ಬಂದ ಹಾಗಾಯಿತು.

ನಿಮ್ಮ ಕೂಸು ‘ನನ್ನ ಹೆಸರಿಗೆ’ ಅಂದಿದ್ದಾಳಲ್ಲ, ಬಾಗಿಲು ಹಾಕಿಕೊಂಡು ಒಬ್ಬಳೇ ಓದಬೇಕು ಅಂತ ಆಸೆ ಇರುತ್ತದೆ. ಬಿಡಿಸಿಯೇ ಬರೆಯಿರಿ ಅಜ್ಜ. ಸಹಿ ಮಾತ್ರ ನಿಮ್ಮ ಕೈಯ ಹಾಗೇ ಇರಲಿ.

---

ಕಾಳಿ ದಂಡೆ (ಸದಾಶಿವಗಡ)

ನಾನು ಒಪ್ಪುವುದಿಲ್ಲ. ಎಲ್ಲವನ್ನೂ ಮಕ್ಕಳಿಗೆ ಸುಲಭ ಮಾಡಿ ಕೊಡುವುದು ಯಾಕೆ? ಮೂರು ಸಾಲು ಅರ್ಥವಾಗಲಿಲ್ಲ ಅಂದರೆ ನಾಳೆ ಮತ್ತೆ ನೋಡುತ್ತಾಳೆ. ಅಪ್ಪನ ಪಕ್ಕ ಕೂತು ಬಿಡಿಸುತ್ತಾಳೆ. ಅದೂ ಒಂದು ಆಟವೇ ಅಲ್ವಾ? ಬಿಡಿಸಿ ಬರೆದದ್ದು ಓದಿ ಮುಗಿಯಿತು, ಡ್ರಾಯರ್ ಸೇರಿತು.

ನಮ್ಮ ಮನೆಯಲ್ಲಿ ಒಂದು ಟ್ರಂಕ್ ತುಂಬ ಮೋಡಿ ಲಿಪಿಯ ಕಾಗದ ಇದೆ. ಈ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿ ಕಡೆಗಿತ್ತು, ಹಾಗಾಗಿ ನಮ್ಮ ಕಡೆ ಹಳೇ ವ್ಯವಹಾರದ ಮರಾಠಿ ಕಾಗದ ಸಿಕ್ಕರೆ ಅದು ಹೆಚ್ಚಾಗಿ ಮೋಡಿಯಲ್ಲೇ. ಮೊದಲು ಪುಟದ ಆ ತುದಿಯಿಂದ ಈ ತುದಿಗೆ ಒಂದು ಗೆರೆ ಎಳೆದುಬಿಡುವುದು. ಆಮೇಲೆ ಅದಕ್ಕೆ ನೇತುಬಿಟ್ಟು, ಲೇಖನಿ ಆದಷ್ಟು ಎತ್ತದೆ ಬರೆದುಕೊಂಡು ಹೋಗುವುದು. ಮುತ್ತಜ್ಜನ ಕೈ ಎಷ್ಟು ಚುರುಕಾಗಿ ಓಡುತ್ತಿತ್ತು ಅಂತ ಕಾಗದ ನೋಡಿದರೆ ಗೊತ್ತಾಗುತ್ತದೆ. ಅವಸರ ಇದ್ದ ದಿನ ಯಾವುದು, ಸಮಾಧಾನದಲ್ಲಿ ಕೂತ ದಿನ ಯಾವುದು, ಅದೂ ಗೊತ್ತಾಗುತ್ತದೆ. ಕೂಡಿಸಿ ಬರೆದದ್ದರಲ್ಲಿ ಮನುಷ್ಯ ಇರುತ್ತಾನೆ ಸ್ವಾಮಿ.

---

ಕುಮಟಾ ಅಕ್ಕೋರು

ಕಾಳಿ ದಂಡೆಯವರೇ, ಚೆಂದ ಹೇಳಿದಿರಿ. ಒಂದೇ ಪ್ರಶ್ನೆ. ಆ ಟ್ರಂಕಿನ ಕಾಗದದಲ್ಲಿ ಏನು ಬರೆದಿದೆ?

ಹೆಗಡೇರೋ ಭಟ್ಟರೋ ಗೊತ್ತಿಲ್ಲ, ತೋಟದಮನೆಯವರೇ ಅನ್ನುತ್ತೇನೆ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ಎಷ್ಟು ಸಾವಿರ ಉತ್ತರ ಪತ್ರಿಕೆಯ ಅಕ್ಷರ ಓದಿದ್ದೇನೋ ದೇವರೇ ಬಲ್ಲ. ಕರ್ಸಿವ್ ಪೂರ್ತಿ ಕಷ್ಟ ಅನ್ನುವುದು ತಪ್ಪು. ಹೆಚ್ಚಿನ ಅಕ್ಷರ ಬಿಡಿಯಾಗಿಯೂ ಕೂಡಿಸಿಯೂ ಒಂದೇ ತರಹ ಇರುತ್ತದೆ, ನಡುವೆ ಒಂದು ಎಳೆ ಅಷ್ಟೇ. ಮಕ್ಕಳು ಮುಗ್ಗರಿಸುವುದು ನಾಲ್ಕೈದು ಅಕ್ಷರಕ್ಕೆ.

ಸಣ್ಣ ಆರ್ ಎಲ್ಲಕ್ಕಿಂತ ಕೆಟ್ಟದು. ಮೇಲೆ ಏರಿ, ಅಲ್ಲೊಂದು ಚೂರು ಮೊನೆ ಮಾಡಿ, ಭುಜ ಇಳಿಸಿ ಕೆಳಗೆ ಹೋಗುತ್ತದೆ. ಪುಸ್ತಕದ ಆರ್ ನೋಡಿದ ಮಗುವಿಗೆ ಇದು ಆರ್ ಅಂತ ಹೊಳೆಯುವುದೇ ಇಲ್ಲ. ಸಣ್ಣ ಎಸ್ ಕೂಡ ಹಾಗೇ, ಹೊಟ್ಟೆ ಒಂದು ಕಡೆ ಮಾತ್ರ ಉಳಿದಿರುತ್ತದೆ. ಝಡ್ ಗೆರೆಯ ಕೆಳಗೆ ಇಳಿದು ಕುಣಿಕೆ ಹಾಕುತ್ತದೆ. ಎಫ್‌ಗೆ ಮೇಲೊಂದು ಕುಣಿಕೆ, ಕೆಳಗೊಂದು ಕುಣಿಕೆ. ದೊಡ್ಡ ಅಕ್ಷರಗಳಲ್ಲಿ ಜಿ ಮತ್ತು ಎಸ್ ಅಕ್ಕತಂಗಿಯರು, ಹಳೇ ಶೈಲಿಯ ದೊಡ್ಡ ಕ್ಯೂ ಅಂತೂ ಎರಡು ಅಂಕಿಯೇ.

ಇನ್ನೊಂದು ಸೂಕ್ಷ್ಮ ಇದೆ. ಬಹುತೇಕ ಅಕ್ಷರಗಳು ಮುಂದಿನದನ್ನು ಕೆಳಗಿನ ಗೆರೆಯಿಂದ ಹಿಡಿಯುತ್ತವೆ. ಬಿ, ಓ, ವಿ, ಡಬ್ಲ್ಯೂ ನಾಲ್ಕು ಮಾತ್ರ ಮೇಲಿನಿಂದ ಹಿಡಿಯುತ್ತವೆ. ಹಾಗಾಗಿ ಇವುಗಳಾದ ಮೇಲೆ ಆರ್ ಬಂದರೆ ಅದರ ಏರುವ ಕಾಲೇ ಮಾಯ. ‘ಬ್ರದರ್’ ಬರೆಯಿರಿ, ನಿಮಗೇ ಗೊತ್ತಾಗುತ್ತದೆ. ತಮಾಷೆ ಅಂದರೆ ನಿಮ್ಮ ಊರೇ ನೋಡಿ! ಇಂಗ್ಲಿಷಿನ ‘ಶಿರಸಿ’ಯಲ್ಲಿ ಆರ್ ಮತ್ತು ಎಸ್ ಎರಡೂ ಅಕ್ಕಪಕ್ಕ ಕೂತಿವೆ. ಕೂಡಿಸಿ ಬರೆದರೆ ಆ ಕೂಸು ಅಜ್ಜನ ಊರನ್ನೇ ಓದಲಾರಳು.

ನನ್ನ ಸಲಹೆ ಎರಡರ ನಡುವಿನದು. ವಾಲಿಸುವುದನ್ನು ಕಡಿಮೆ ಮಾಡಿ. ಕುಣಿಕೆ ಬಿಡಿ. ಆರ್, ಎಸ್, ಎಫ್, ಝಡ್ ಮತ್ತು ಎಲ್ಲ ದೊಡ್ಡ ಅಕ್ಷರ ಪುಸ್ತಕದ ಹಾಗೆ. ಉಳಿದದ್ದು ಕೈಗೆ ಬಂದಂತೆ ಸೇರಲಿ, ಎಲ್ಲಿ ಬಿಟ್ಟುಹೋಗುತ್ತದೋ ಅಲ್ಲಿ ಬಿಡಲಿ. ಇದು ಅರೆಬರೆ ಕೆಲಸ ಅಂತ ತಿಳಿಯಬೇಡಿ. ಅಮೆರಿಕದಲ್ಲಿ ಸ್ಟೀವ್ ಗ್ರಹಾಂ ಮತ್ತು ಜೊತೆಯವರು ಶಾಲೆ ಮಕ್ಕಳ ಬರಹ ನೋಡಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡನ್ನೂ ಬೆರೆಸಿ ಬರೆಯುವವರೇ ಬರೀ ಕೂಡಿಸಿ ಅಥವಾ ಬರೀ ಬಿಡಿಸಿ ಬರೆಯುವವರಿಗಿಂತ ವೇಗವಾಗಿ ಬರೆದಿದ್ದರು. ನಿಮ್ಮ ಬೆರಳು ನೋವಿಗೂ ಅದೇ ಮದ್ದು.

ಮತ್ತೆ ಬ್ಯಾಂಕಿನ ಚಲನ್ ಅಂದಿರಲ್ಲ, ಅದು ನನಗೆ ಸ್ವಲ್ಪ ಚುಚ್ಚಿತು. ಮಕ್ಕಳಿಗೆ ಬಿಡಿ ಅಕ್ಷರ ಕಲಿಸುವ ಪದ್ಧತಿ ಇಂಗ್ಲೆಂಡಿನಲ್ಲಿ ಬೆಳೆದದ್ದು 1910ರ ದಶಕದಲ್ಲಿ, ಎಡ್ವರ್ಡ್ ಜಾನ್‌ಸ್ಟನ್ ಅನ್ನುವ ಅಕ್ಷರ ಕಲಾವಿದರ ಪ್ರಭಾವದಿಂದ. ಲಂಡನ್ನಿನ ಸುರಂಗ ರೈಲಿಗೆ 1916ರಲ್ಲಿ ಅಕ್ಷರ ಮಾಡಿಕೊಟ್ಟವರೂ ಅವರೇ. ಅಕ್ಷರದ ಮೇಲೆ ಪ್ರಾಣ ಇಟ್ಟಿದ್ದ ಮನುಷ್ಯ. ಬಿಡಿಸಿ ಬರೆದದ್ದು ನೀರಸ ಕಾಣುವುದು ಹೆಚ್ಚಾಗಿ ಅಂತರ ಕೆಟ್ಟಾಗ. ಅಕ್ಷರ ಅಕ್ಷರದ ನಡುವೆ ಬಿಗಿ, ಪದ ಪದದ ನಡುವೆ ಸಣ್ಣ ಓ ಹಿಡಿಯುವಷ್ಟು ಜಾಗ. ಆದರೆ ಆರ್ ಆದಮೇಲೆ ಎನ್ ಬಂದರೆ ಎಚ್ಚರ, ತೀರಾ ಒತ್ತಿದರೆ ಎಮ್ ಆಗಿಬಿಡುತ್ತದೆ.

---

ಕಾಳಿ ದಂಡೆ (ಸದಾಶಿವಗಡ)

ಅಕ್ಕೋರೇ, ಸಿಕ್ಕಿಹಾಕಿಸಿದಿರಿ. ಓದಿಲ್ಲ. ಓದುವವರು ನಮ್ಮ ಮನೆಯಲ್ಲಿ ಈಗ ಯಾರೂ ಇಲ್ಲ. ಆದರೂ ಟ್ರಂಕ್ ಎಸೆದಿಲ್ಲ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

---

ಹಳೇ ಟಪಾಲು (ಕಾರವಾರ)

ತಡವಾಗಿ ನೋಡಿದೆ. ನಾನು ಅಂಚೆ ಇಲಾಖೆಯಲ್ಲಿದ್ದವನು. ಒಳಗಿನ ಪತ್ರ ಹೇಗೆ ಬರೆಯುತ್ತೀರೋ ನಿಮ್ಮ ಇಷ್ಟ. ಲಕೋಟೆ ಮೇಲೆ ಮಾತ್ರ ದಯವಿಟ್ಟು ಕೈಚಳಕ ತೋರಿಸಬೇಡಿ ಮಾರಾಯ್ರೆ.

ವಿಳಾಸ ಪೂರ್ತಿ ದೊಡ್ಡ ಬಿಡಿ ಅಕ್ಷರದಲ್ಲಿ. ಕೊನೆಯ ಸಾಲಿನಲ್ಲಿ ದೇಶದ ಹೆಸರು ಮಾತ್ರ, ಬೇರೆ ಏನೂ ಬೇಡ. ಅವರ ಜಿಪ್ (ನಮ್ಮ ಪಿನ್ ಕೋಡ್ ಇದ್ದ ಹಾಗೆ) ಐದಂಕಿ, ರಾಜ್ಯದ ಎರಡಕ್ಷರದ ಪಕ್ಕ ಬರಬೇಕು. ಅಲ್ಲಿ ವಿಳಾಸ ಮೊದಲು ಓದುವುದು ಯಂತ್ರ. ಯಂತ್ರಕ್ಕೆ ತಿಳಿಯದಿದ್ದರೆ ಲಕೋಟೆಯ ಚಿತ್ರ ಸಾಲ್ಟ್ ಲೇಕ್ ಸಿಟಿಯ ಒಂದು ಕೇಂದ್ರಕ್ಕೆ ಹೋಗುತ್ತದೆ, ಅಲ್ಲಿ ಜನ ಪರದೆ ನೋಡಿ ಓದಿ ಟೈಪ್ ಮಾಡುತ್ತಾರೆ. ನಿಮ್ಮ ಏರು ಸಪೂರ, ಇಳಿ ದಪ್ಪದ ಸೊಗಸು ಅವರಿಗೆ ಯಾಕೆ? ಕಳಿಸುವವರ ವಿಳಾಸದಲ್ಲಿ 581401, ಕೆಳಗೆ ಇಂಡಿಯಾ ಅಂತ ಮರೆಯಬೇಡಿ. ಒಳಗೆ ತಾರೀಖು ಹಾಕುವಾಗ ತಿಂಗಳ ಹೆಸರು ಅಕ್ಷರದಲ್ಲೇ ಇರಲಿ. ಅವರು ತಿಂಗಳು ಮೊದಲು, ದಿನ ಆಮೇಲೆ ಬರೆಯುವವರು. ನೀವು ಆಗಸ್ಟ್ ಐದು ಅಂತ 5/8 ಹಾಕಿದ್ದು ಅವಳಿಗೆ ಮೇ ಎಂಟು ಆಗುತ್ತದೆ.

ಇನ್ನು ಮಳೆ. ಯಾರೂ ಇದರ ಬಗ್ಗೆ ಹೇಳಲಿಲ್ಲ, ಆಶ್ಚರ್ಯ. ಈ ಹೊತ್ತಿನಲ್ಲಿ ಶಿರಸಿಯಲ್ಲಿ ಕಾಗದ ಮುಟ್ಟಿದರೆ ಮೆತ್ತಗೆ, ಹಪ್ಪಳ ಕೂಡ ಹಾಗಾಗಿರುತ್ತದೆ. ಅಂಥ ಕಾಗದದ ಮೇಲೆ ಶಾಯಿ ಪೆನ್ನು ಇಟ್ಟರೆ ಗೆರೆ ಒಡೆದು ಹಬ್ಬುತ್ತದೆ. ಬಿಡಿ ಅಕ್ಷರ ಹೇಗೋ ಬಚಾವ್. ಕೂಡಿಸಿ ಬರೆದದ್ದರಲ್ಲಿ ಸಣ್ಣ ಇ-ಯ ಕಣ್ಣು ಮುಚ್ಚಿ ಐ ಆಗುತ್ತದೆ, ಎ-ಯ ಹೊಟ್ಟೆ ತುಂಬಿ ಬರೀ ಮಸಿ. ಬರೆಯುವ ಮೊದಲು ಹಾಳೆಯ ಮೇಲೆ ಒಂದು ಸಲ ಬಿಸಿ ಇಸ್ತ್ರಿಪೆಟ್ಟಿಗೆ ಎಳೆಯಿರಿ, ಕೂಡಲೇ ಬರೆಯಿರಿ. ಲಕೋಟೆ ಅಂಗಡಿಯಿಂದ ತರುವಾಗ ಬಾಯಿ ತೆರೆದು ನೋಡಿ. ಮಳೆಗಾಲದಲ್ಲಿ ಗೋಂದು ತಾನೇ ಹಿಡಿದುಕೊಂಡು ಕೂತಿರುತ್ತದೆ. ವಿಳಾಸಕ್ಕೆ ಬಾಲ್ ಪೆನ್. ಜೆಲ್ ಪೆನ್ನಿನ ಮೇಲೆ ನಾಲ್ಕು ಹನಿ ಬಿದ್ದರೆ ಕ್ಯಾಲಿಫೋರ್ನಿಯಾ ನೀರಾಗಿ ಹರಿದುಹೋಗುತ್ತದೆ.

ಒಂದು ಮಾತು ಬೇಲೇಕೇರಿ ತಂಗಿಗೆ. ಬೇರೆಯವರು ಓದಿ ಹೇಳಿದರೆ ಪತ್ರ ತಮ್ಮದಾಗುವುದಿಲ್ಲ ಅನ್ನುವುದು ಪೂರ್ತಿ ನಿಜ ಅಲ್ಲ. ಈ ಕರಾವಳಿಯಿಂದ ಎಷ್ಟು ಜನ ಮುಂಬಯಿಗೆ ಹೋಗಿ ದುಡಿದರು! ಅವರ ಪತ್ರ ಬಂದರೆ ಮನೆಯಲ್ಲಿ ಓದು ಬಾರದ ತಾಯಂದಿರು. ಜಗಲಿಯಲ್ಲಿ ಕೂತು ನಾನೇ ಓದಿ ಹೇಳುತ್ತಿದ್ದೆ. ಓದಿ ಮುಗಿಸಿದ ಮೇಲೂ ಕಾಗದ ಈಸಿಕೊಂಡು ಅಕ್ಷರದ ಮೇಲೆ ಬೆರಳು ಆಡಿಸುತ್ತಿದ್ದರು. ಮಗ ಬೇರೆಯವರ ಕೈಯಲ್ಲಿ ಬರೆಸಿದ್ದರೆ ಅವರಿಗೆ ಓದದೆಯೂ ಗೊತ್ತಾಗುತ್ತಿತ್ತು, ‘ಇದು ನಮ್ಮ ಪೋರ ಬರೆದದ್ದಲ್ಲ’ ಅನ್ನುತ್ತಿದ್ದರು. ಹಾಗಾಗಿ ನಿಮ್ಮ ತಮ್ಮನ ಮಾತನ್ನೂ ತಳ್ಳಿಹಾಕಬೇಡಿ, ತೋಟದಮನೆಯವರೇ.

---

ಬೇಲೇಕೇರಿಯವಳು

ಟಪಾಲು ಮಾಮ, ಒಪ್ಪಿದೆ. ಆದರೆ ಆ ತಾಯಂದಿರಿಗೆ ಬೇರೆ ದಾರಿ ಇರಲಿಲ್ಲ. ಈ ಹುಡುಗಿ ಓದಲು ಕಲಿತವಳು.

ಹಾಗಿದ್ದರೆ ಹೀಗೆ ಮಾಡಬಹುದಾ? ಪತ್ರ ಅಕ್ಕೋರು ಹೇಳಿದ ಹಾಗೆ. ಕೊನೆಗೆ ಎರಡೇ ಸಾಲು ಪೂರ್ತಿ ಕರ್ಸಿವ್‌ನಲ್ಲಿ, ಅದರಲ್ಲಿ ಒಂದು ಗುಟ್ಟು. ಕರುವಿಗೆ ಇಟ್ಟ ಹೆಸರು, ಅಂಥದ್ದೇನಾದರೂ. ಗುಟ್ಟು ಅಂದರೆ ನನ್ನ ಮಗಳು ಭೂತಗನ್ನಡಿ ತಂದಾದರೂ ಓದುತ್ತಾಳೆ.

---

ಕುಮಟಾ ಅಕ್ಕೋರು

ಇದು ಚೆನ್ನಾಗಿದೆ. ಆ ಎರಡು ಸಾಲು ಸ್ವಲ್ಪ ದೊಡ್ಡದಾಗಿ, ಒಂದು ಗೆರೆ ಬಿಟ್ಟು ಬರೆಯಿರಿ. ಏರು ಇಳಿವುಗಳು ಒಂದಕ್ಕೊಂದು ಸಿಕ್ಕಿಕೊಳ್ಳಬಾರದು. ಕರುವಿನ ಹೆಸರಿನಲ್ಲಿ ಆರ್ ಇಲ್ಲ ತಾನೇ?

---

ತೋಟದಮನೆ (ಶಿರಸಿ)

ಇದೆ. ‘ಗೌರಿ’! ಅಕ್ಕೋರೇ, ದೊಡ್ಡ ಜಿ ಕೂಡ ಇದೆ, ನೀವು ಹೇಳಿದ ಅಕ್ಕತಂಗಿ. ಕೂಸು ‘ಸೌರಿ’ ಅಂತ ಓದಿದರೂ ಕರುವಿಗೆ ಬೇಜಾರಿಲ್ಲ.

ಎಲ್ಲರಿಗೂ ಉಪಕಾರ ಆಯಿತು. ನಿನ್ನೆ ರಾತ್ರಿ ಅಕ್ಕೋರು ಹೇಳಿದ ಹಾಗೆ ಒಂದು ಹಾಳೆ ಬರೆದೆ. ಆರ್ ಮತ್ತು ಎಸ್ ಬಿಡಿಸಿ, ಉಳಿದದ್ದು ಹೇಗೆ ಬಂತೋ ಹಾಗೆ. ಮೊದಲ ನಾಲ್ಕು ಸಾಲು ಕೈ ಮಾತು ಕೇಳಲಿಲ್ಲ, ಹಳೇ ಆರ್ ತಾನಾಗಿ ಬರುತ್ತಿತ್ತು. ಮಂಗಗಳ ಸುದ್ದಿಗೆ ಬರುವಷ್ಟರಲ್ಲಿ ಸರಿಹೋಯಿತು. ಚಲನ್ ತರಹ ಕಾಣುವುದಿಲ್ಲ. ನನ್ನ ಅಕ್ಷರದ ಹಾಗೂ ಪೂರ್ತಿ ಇಲ್ಲ, ನನ್ನ ಅಕ್ಕನದ್ದಿರಬಹುದು ಅನ್ನುವಷ್ಟು ಇದೆ. ಮನೆಯವಳು ಕನ್ನಡಕ ಇಲ್ಲದೆಯೇ ಓದಿದಳು, ಅದೇ ಪಾಸಾದ ಲೆಕ್ಕ. ತಮ್ಮನಿಗೆ ಕೊನೆಯ ಎರಡು ಸಾಲು ಮಾತ್ರ ತೋರಿಸಿದ್ದೇನೆ, ಅವನು ತಾನೇ ಗೆದ್ದೆ ಅಂದುಕೊಂಡಿದ್ದಾನೆ. ಹಾಗೇ ಇರಲಿ.

ಟಪಾಲು ಸಾಹೇಬರೇ, ಇಸ್ತ್ರಿಪೆಟ್ಟಿಗೆ ಕೆಲಸ ಮಾಡಿತು. ಆದರೆ ಅರ್ಧ ಪುಟದಲ್ಲಿ ಕರೆಂಟ್ ಹೋಯಿತು, ಉಳಿದರ್ಧ ಬಾಲ್ ಪೆನ್ನಿನಲ್ಲಿ. ಒಂದೇ ಪತ್ರದಲ್ಲಿ ಎರಡು ನೀಲಿ. ಇದನ್ನೇ ಹಾಕಲೋ, ಇನ್ನೊಂದು ಸಲ ಬರೆಯಲೋ? ನಾಡಿದ್ದು ಪೇಟೆಗೆ ಹೋಗುವುದಿದೆ.

---

ಹಳೇ ಟಪಾಲು (ಕಾರವಾರ)

ಇದನ್ನೇ ಹಾಕಿ. ಕರೆಂಟ್ ಹೋಯಿತು ಅಂತ ಆ ಜಾಗದಲ್ಲೇ ಒಂದು ಸಾಲು ಸೇರಿಸಿ, ಬಿಡಿ ಅಕ್ಷರದಲ್ಲಿ. ತೂಕ ಕೌಂಟರಿನಲ್ಲೇ ಮಾಡಿಸಿ, ಅಂದಾಜಿನ ಮೇಲೆ ಸ್ಟಾಂಪು ಹಚ್ಚಬೇಡಿ.